ಗೂಟದ ಕಾರಿನ ಕೆಂಪು ದೀಪ ಹೋಯ್ತು, ಸಣ್ಣ ವಿಮಾನದ ಬಾಲದ ಮೇಲೆ ಇನ್ನೂ ತಿರುಗ್ತಿದೆ: ಹಳೇ ಬೀಕನ್ ಲೈಟ್ ನೋಡಿಕೊಳ್ಳೋದು ಹೇಗೆ?

ಮಂತ್ರಿಗಳು ಬರ್ತಾರೆ ಅಂದ್ರೆ ಅಂಬಾಸಿಡರ್ ಕಾರಿನ ತಲೆ ಮೇಲೆ ಕೆಂಪು ದೀಪ ಗಿರಗಿರ ತಿರುಗುತ್ತಿದ್ದ ಕಾಲ ನೆನಪಿದೆ ಅಲ್ವಾ? ಜನ ಅದಕ್ಕೆ ಇಟ್ಟ ಹೆಸರೇ ಗೂಟದ ಕಾರು. 2017ರ ಮೇ 1ರಿಂದ ಕೇಂದ್ರ ಸರ್ಕಾರ ಆ ಗೂಟ ಕೀಳಿಸಿತು. ಆದರೆ ಅದೇ ಜಾತಿಯ ಇನ್ನೊಂದು ಗೂಟ ಈಗಲೂ ತಿರುಗುತ್ತಿದೆ. ಅದು ಇರೋದು ಅಮೆರಿಕದಲ್ಲಿ ತಯಾರಾದ ಹಳೇ ಸಣ್ಣ ವಿಮಾನಗಳ ಬಾಲದ ತುದಿಯಲ್ಲಿ. ಕಾರಿನ ಮೇಲೆ ಅದು ಅಧಿಕಾರದ ಗುರುತಾಗಿತ್ತು. ವಿಮಾನದ ಮೇಲೆ ಅದು ಜೀವ ಉಳಿಸೋ ಸಾಮಾನು.

ಸೆಸ್ನಾ 172 ಅನ್ನೋ ನಾಲ್ಕು ಸೀಟಿನ ವಿಮಾನ 1956ರಲ್ಲಿ ಮಾರುಕಟ್ಟೆಗೆ ಬಂತು. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ವಿಮಾನ ಅದೇ, 44 ಸಾವಿರ ದಾಟಿದೆ. 50ರ, 60ರ ದಶಕದ ಸೆಸ್ನಾ, ಪೈಪರ್ ವಿಮಾನಗಳು ಅಮೆರಿಕದಲ್ಲಿ ಇನ್ನೂ ಸಾವಿರಗಟ್ಟಲೆ ಹಾರುತ್ತಿವೆ. ನಮ್ಮಲ್ಲಿ ಹಳೇ ರಾಜದೂತ್ ಬೈಕನ್ನು ಮನೆಮಗನಂತೆ ನೋಡಿಕೊಳ್ಳುವವರು ಇದ್ದಾರಲ್ಲ, ಅಲ್ಲಿ ಹಳೇ ವಿಮಾನಕ್ಕೂ ಅಂಥ ಮಾಲೀಕರಿದ್ದಾರೆ. ಅವರ ತಲೆನೋವುಗಳಲ್ಲಿ ಒಂದು ಈ ತಿರುಗುವ ದೀಪ.

9 ಸೆಕೆಂಡಿನ ಲೆಕ್ಕ

ಇಂಥ ವಿಮಾನದ ವೇಗ ಗಂಟೆಗೆ ಸುಮಾರು 200 ಕಿ.ಮೀ. ಎರಡು ವಿಮಾನ ಎದುರುಬದುರು ಬಂದರೆ ನಡುವಿನ ಒಂದು ಕಿಲೋಮೀಟರ್ ಮುಗಿಯೋಕೆ 9 ಸೆಕೆಂಡ್ ಸಾಕು. ಸಣ್ಣ ವಿಮಾನಗಳು ಎಷ್ಟೋ ಸಲ ಒಬ್ಬರನ್ನೊಬ್ಬರು ಕಣ್ಣಿನಿಂದಲೇ ನೋಡಿ ದಾರಿ ಬಿಡಬೇಕು. ರೆಕ್ಕೆ ತುದಿಯಲ್ಲಿ ದೀಪ ಇರುತ್ತೆ ನಿಜ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ. ಆದರೆ ಅವು ಮಿಣುಕೋದಿಲ್ಲ, ಸುಮ್ಮನೆ ಉರೀತವೆ. ಕೆಳಗಿನ ಊರಿನ ಬೀದಿದೀಪಗಳ ನಡುವೆ ಅವು ಕಳೆದುಹೋಗ್ತವೆ. ಕಣ್ಣು ತಟ್ಟನೆ ಹಿಡಿಯೋದು ಮಿಂಚಿ ಮಾಯವಾಗೋ ಬೆಳಕನ್ನೇ. ಅದಕ್ಕೇ ಬೀಕನ್.

ಅಮೆರಿಕದ ನಿಯಮದ ಪ್ರಕಾರ ಈ ದೀಪ ನಿಮಿಷಕ್ಕೆ 40ರಿಂದ 100 ಸಲ ಮಿಂಚಬೇಕು. ಹಳೇ ಮಾದರಿಗಳಿಗೆ 100 ಕ್ಯಾಂಡೆಲಾ ಬೆಳಕು ಸಾಕಿತ್ತು. ನಮ್ಮ ಹಳೇ 100 ವ್ಯಾಟ್ ಬಲ್ಬ್ ಒಂದು ದಿಕ್ಕಿಗೆ ಕೊಡುತ್ತಿದ್ದ ಬೆಳಕು ಹೆಚ್ಚುಕಮ್ಮಿ ಅಷ್ಟೇ. 1971ರ ಆಗಸ್ಟ್ 11ರ ನಂತರದ ಹೊಸ ಮಾದರಿಗಳಿಗೆ ಅದನ್ನು 400ಕ್ಕೆ ಏರಿಸಿದರು. ಅಂದ್ರೆ ಹಳೇ ಬೀಕನ್‌ಗೆ ಮೊದಲೇ ಶಕ್ತಿ ಕಮ್ಮಿ. ಇರೋ ಬೆಳಕಲ್ಲಿ ಒಂಚೂರೂ ಸೋರಿಹೋಗದಂತೆ ನೋಡಿಕೊಳ್ಳೋದೇ ಇಲ್ಲಿನ ಕೆಲಸ.

ಗಾಜಿನ ಬುರುಡೆ ಒಳಗೆ ಏನಿದೆ?

ಕೆಂಪು ಗಾಜಿನ ಬುರುಡೆ, ಒಳಗೆ ಪುಟ್ಟ ಮೋಟಾರ್, ಅದಕ್ಕೆ ಗೇರ್. ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಬಲ್ಬ್ ಅಲ್ಲಾಡೋದಿಲ್ಲ, ಅದರ ಸುತ್ತ ಕನ್ನಡಿ ತಿರುಗುತ್ತೆ. ಗೂಟದ ಕಾರಿನಲ್ಲಿ ಇದ್ದದ್ದು ಇದೇ. ಇನ್ನೊಂದರಲ್ಲಿ ಎರಡು ಬಲ್ಬ್ ಬೆನ್ನಿಗೆ ಬೆನ್ನು ಕೊಟ್ಟು ಒಂದು ತಟ್ಟೆ ಮೇಲೆ ಕೂತಿರುತ್ತವೆ, ತಟ್ಟೆಯೇ ತಿರುಗುತ್ತೆ. ತಟ್ಟೆ ನಿಮಿಷಕ್ಕೆ 45 ಸುತ್ತು ಹಾಕಿದರೆ ದೂರದಲ್ಲಿ ನಿಂತವನಿಗೆ 90 ಮಿಂಚು ಕಾಣುತ್ತೆ. ತಿರುಗೋ ಬಲ್ಬಿಗೆ ವೈರ್ ಎಳೆಯೋಕಾಗಲ್ಲ, ಸುತ್ತಿಕೊಂಡು ಹರಿದೇ ಹೋಗುತ್ತೆ. ಆದ್ದರಿಂದ ತಾಮ್ರ ಜಾತಿಯ ಬಳೆ ಮೇಲೆ ಕಾರ್ಬನ್ ಬ್ರಷ್ ಉಜ್ಜಿಕೊಂಡು ಕರೆಂಟ್ ದಾಟಿಸುತ್ತೆ. ಆ ಬಳೆಗೆ ಸ್ಲಿಪ್ ರಿಂಗ್ ಅಂತಾರೆ. ಮಿಕ್ಸಿ ರಿಪೇರಿ ಮಾಡುವವರಿಗೆ ಇದನ್ನು ವಿವರಿಸೋದೇ ಬೇಡ.

ಓಹಾಯೋ ರಾಜ್ಯದ ಅರ್ಬಾನಾ ಊರಿನ ವಾರನ್ ಗ್ರೈಮ್ಸ್ ಅವರ ಕಂಪನಿ ಮತ್ತು ಕನೆಕ್ಟಿಕಟ್‌ನಲ್ಲಿ 1952ರಲ್ಲಿ ಶುರುವಾದ ವೇಲೆನ್ ಕಂಪನಿ, ಈ ದೀಪಗಳಲ್ಲಿ ದೊಡ್ಡ ಹೆಸರು ಇವೆರಡು. ಅರ್ಬಾನಾದ ವಿಮಾನ ನಿಲ್ದಾಣಕ್ಕೆ ಇವತ್ತಿಗೂ ಗ್ರೈಮ್ಸ್ ಹೆಸರೇ ಇದೆ.

ಕೆಡೋದು ಎಲ್ಲಿ, ನೋಡೋದು ಹೇಗೆ

ಮೊದಲ ತೊಂದರೆ ಏನಂದ್ರೆ, ಬಾಲದ ತುದಿಯ ದೀಪ ಪೈಲಟ್ ಸೀಟಿನಿಂದ ಕಾಣಿಸೋದೇ ಇಲ್ಲ. ಸ್ವಿಚ್ ಹಾಕಿದೀನಿ, ಉರೀತಿರಬೇಕು ಅಂದುಕೊಂಡು ಹೊರಟುಬಿಟ್ಟರೆ ಮುಗೀತು. ಇಳಿದು ಹಿಂದೆ ಹೋಗಿ ನೋಡಲೇಬೇಕು. ಬರೀ ಉರಿಯುತ್ತಿದೆಯಾ ಅಂತ ಅಲ್ಲ, ಕೈಗಡಿಯಾರ ಹಿಡಿದು ಒಂದು ನಿಮಿಷ ಎಣಿಸಬೇಕು. 30ಕ್ಕೆ ಇಳಿದಿದ್ದರೆ ಒಳಗೆ ಗ್ರೀಸ್ ಗಟ್ಟಿಯಾಗಿದೆ, ಇಲ್ಲಾ ಮೋಟಾರಿಗೆ ಕರೆಂಟ್ ಸರಿಯಾಗಿ ತಲುಪುತ್ತಿಲ್ಲ.

ಪೂರ್ತಿ ಆರಿಹೋದ ದೀಪಕ್ಕಿಂತ ತಿರುಗದೆ ಉರಿಯೋ ದೀಪ ಕೆಟ್ಟದ್ದು ಅನ್ನಬೇಕು. ಮೋಟಾರ್ ನಿಂತು ಬಲ್ಬ್ ಉರೀತಾ ಇದ್ದರೆ ಒಂದು ಕಡೆಯಿಂದ ನೋಡುವವನಿಗೆ ಸುಮ್ಮನೆ ಕೆಂಪು ದೀಪ ಕಾಣುತ್ತೆ. ಅದು ಎಡರೆಕ್ಕೆಯ ದೀಪ ಅಂತ ಅವನು ತಿಳಿದುಕೊಂಡರೆ ವಿಮಾನ ಯಾವ ಕಡೆ ಹೋಗ್ತಿದೆ ಅನ್ನೋ ಲೆಕ್ಕವೇ ತಪ್ಪುತ್ತೆ. ಉಳಿದ ಕಡೆಗೆ ಬೆಳಕೇ ಹೋಗಿರಲ್ಲ.

ಲಕ್ಷಣ ನೋಡಿ ರೋಗ ಹಿಡಿಯೋದು ಕಷ್ಟ ಏನಲ್ಲ. ತಿರುಗುತ್ತೆ, ಉರಿಯಲ್ಲ ಅಂದ್ರೆ ಬಲ್ಬ್ ಅಥವಾ ಸ್ಲಿಪ್ ರಿಂಗ್. ಉರಿಯುತ್ತೆ, ತಿರುಗಲ್ಲ ಅಂದ್ರೆ ಮೋಟಾರಿನ ಬ್ರಷ್, ಬೇರಿಂಗ್, ಗೇರ್. ಎರಡೂ ಇಲ್ಲ ಅಂದ್ರೆ ಫ್ಯೂಸ್, ಸ್ವಿಚ್, ಅರ್ತ್. ದೀಪ ತಿರುಗೋ ತಾಳಕ್ಕೇ ಪೈಲಟ್ ಕಿವಿಯ ಹೆಡ್‌ಫೋನಿನಲ್ಲಿ ಗುಂಯ್ ಗುಂಯ್ ಅಂತ ಸದ್ದು ಬಂದರೆ ಬ್ರಷ್ ಕಿಡಿ ಹಾರಿಸುತ್ತಿದೆ ಅಂತಲೇ ಲೆಕ್ಕ.

ಸ್ಲಿಪ್ ರಿಂಗ್ ಮೇಲೆ ಕಾರ್ಬನ್ ಪುಡಿ, ಹಳೇ ಗ್ರೀಸ್ ಸೇರಿ ಕಪ್ಪು ಅಂಟು ಕೂತಿರುತ್ತೆ. ಅದನ್ನು ಸ್ಪಿರಿಟ್ ಅದ್ದಿದ, ಎಳೆ ಬಿಡದ ಬಟ್ಟೆಯಲ್ಲಿ ಒರೆಸಬೇಕು. ನಮ್ಮ ಕಡೆ ಮೋಟಾರ್ ಬಿಚ್ಚಿದ ತಕ್ಷಣ ಎಮರಿ ಪೇಪರ್ ತಗೊಂಡು ಉಜ್ಜೋದು ರೂಢಿ. ಇಲ್ಲಿ ಅದು ಬೇಡ. ಎಮರಿಯ ಕಣಗಳು ಬಳೆಯಲ್ಲಿ ನಾಟಿಕೊಂಡು ಹೊಸ ಬ್ರಷ್ಷನ್ನೂ ಅರೆದುಹಾಕುತ್ತವೆ. ಬ್ರಷ್ ಸವೆದಿದ್ದರೆ ಅದೇ ಮಾದರಿಯದ್ದೇ ಹಾಕಬೇಕು. ಸ್ಪ್ರಿಂಗ್ ಬಿಗಿ ಇದೆಯಾ ಅಂತಲೂ ನೋಡಬೇಕು. ತುಕ್ಕು ಬಿಡಿಸೋ ಸ್ಪ್ರೇ ಹೊಡೆದರೆ ಅವತ್ತು ಸಲೀಸಾಗಿ ತಿರುಗಬಹುದು, ಆಮೇಲೆ ಅದೇ ಎಣ್ಣೆ ಪುಡಿಯನ್ನೆಲ್ಲ ಹಿಡಿದು ಅಂಟಾಗಿಸುತ್ತೆ. ಹಳೇ ಗ್ರೀಸ್ ಪೂರ್ತಿ ತೆಗೆದು, ತಯಾರಕರು ಹೇಳಿದ ಗ್ರೀಸನ್ನೇ ಸ್ವಲ್ಪ ಹಚ್ಚಬೇಕು.

ಇನ್ನು ಲೋ ವೋಲ್ಟೇಜ್. ಈ ಮಾತು ನಮ್ಮ ತಾಲ್ಲೂಕಿನವರಿಗೆ ಹೊಸದಲ್ಲ. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ 10 ಕಮ್ಮಿಯಾದರೆ ಬೆಳಕು ನೂರಕ್ಕೆ 10 ಅಲ್ಲ, ಸುಮಾರು 30 ಇಳಿಯುತ್ತೆ. ವಿಮಾನದಲ್ಲೂ ಟ್ರಾಕ್ಟರಿನ ಹಾಗೆ ಬಾಡಿಯೇ ಅರ್ತ್. ಬಾಲದ ತುದಿ ಅಂದ್ರೆ ಉದ್ದ ವೈರ್, ಮಳೆ, ಬಿಸಿಲು, ನಡುಕ. 50 ವರ್ಷದ ಅಲ್ಯುಮಿನಿಯಂ ಮೇಲೆ ಬಿಳಿ ಪುಡಿ ಕಟ್ಟಿ ಅರ್ತ್ ಸಡಿಲವಾಗಿರುತ್ತೆ. ಹಾಗಾಗಿ ಮಂಕಾದ ಬೀಕನ್‌ಗೆ ಹೊಸ ಬಲ್ಬ್ ತರೋ ಮೊದಲು ದೀಪದ ಬುಡದಲ್ಲೇ ವೋಲ್ಟ್ ಅಳೆದು ನೋಡೋದು ಜಾಣತನ. ಎಷ್ಟೋ ಸಲ ಅರ್ತ್ ಜಾಗ ಉಜ್ಜಿ ಬಿಗಿ ಮಾಡಿದರೇ ಬೆಳಕು ವಾಪಸ್ ಬರುತ್ತೆ. ಫ್ಯೂಸ್ ಪದೇಪದೇ ಹೋಗ್ತಿದ್ದರೆ ದಪ್ಪದ್ದು ಹಾಕೋ ಚಾಳಿ ಮಾತ್ರ ಇಲ್ಲಿ ನಡೆಯಲ್ಲ. ಗೇರ್ ಸಿಕ್ಕಿಕೊಂಡ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತೆ, ಆಗ ಫ್ಯೂಸಿನ ಬದಲು ವೈರ್ ಸುಡುತ್ತೆ. ಗಾಳಿಯಲ್ಲಿ ಹೊಗೆ ಬಂದರೆ ಗಾಡಿ ಸೈಡಿಗೆ ಹಾಕೋಕಾಗುತ್ತಾ?

ಗಾಜಿನ ಬುರುಡೆಯನ್ನು ಸೋಪು ನೀರಲ್ಲಿ ತೊಳೆದರೆ ಸಾಕು. ಪ್ಲಾಸ್ಟಿಕ್ಕಿನದ್ದಾದರೆ ಥಿನ್ನರ್, ಪೆಟ್ರೋಲ್ ತಾಗಿಸಲೇಬಾರದು, ಮೈಯೆಲ್ಲ ಬಿರುಕು ಬಿಡುತ್ತೆ. ಕೆಂಪು ಮಾಸಿದೆ ಅಂತ ಬಣ್ಣ ಬಳಿಯೋ ಹಾಗೂ ಇಲ್ಲ, ಆ ಕೆಂಪಿಗೂ ಅಳತೆ ಇದೆ. ನೀರು ಹೋಗದಿರಲಿ ಅಂತ ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಮೆತ್ತುವವರಿಗೆ ಒಂದು ಮಾತು: ವಿನೆಗರ್ ವಾಸನೆ ಬರೋ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತೆ, ಲೋಹ ತಿನ್ನುತ್ತೆ. ಬುಡದಲ್ಲಿ ನೀರು ಇಳಿಯೋ ತೂತು ಇದ್ದರೆ ಅದನ್ನೂ ಮುಚ್ಚಬಾರದು.

ಯಾರು ಬೇಕಾದ್ರೂ ಬಿಚ್ಚಬಹುದಾ?

ಇಲ್ಲ. ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ಇರೋ ಮಾಲೀಕ ತಾನೇ ಮಾಡಬಹುದಾದ ಚಿಕ್ಕಪುಟ್ಟ ಕೆಲಸಗಳ ಪಟ್ಟಿ ಇದೆ. ಅದರಲ್ಲಿ ರೆಕ್ಕೆ, ಬಾಲದ ಗುರುತಿನ ದೀಪ ಮತ್ತು ಇಳಿಯೋ ದೀಪದ ಬಲ್ಬ್ ಬದಲಿಸೋದು ಇದೆ, ಬೀಕನ್ ಹೆಸರೇ ಇಲ್ಲ. ಹಾಗಾಗಿ ಮೆಕ್ಯಾನಿಕ್ ನೋಡಿ ಲಾಗ್‌ಬುಕ್ಕಿನಲ್ಲಿ ಸಹಿ ಹಾಕೋದೇ ಸರಿಯಾದ ದಾರಿ. ನಮ್ಮಲ್ಲಿ, ಜಕ್ಕೂರಿನಂಥ ತರಬೇತಿ ಮೈದಾನದ ವಿಮಾನವಾದರೂ ಸರಿ, ಡಿಜಿಸಿಎ ಲೈಸೆನ್ಸ್ ಇರುವ ಎಂಜಿನಿಯರೇ ಬೇಕು.

ಇನ್ನೊಂದು ಎಚ್ಚರಿಕೆ. ತಿರುಗದೆ, ಟ್ಯೂಬ್ ಮಿಂಚೋ ಬೀಕನ್‌ಗಳೂ ಇವೆ. ಅವುಗಳ ಪವರ್ ಪೆಟ್ಟಿಗೆಯಲ್ಲಿ ಸ್ವಿಚ್ ಆರಿಸಿದ ಮೇಲೂ ನೂರಾರು ವೋಲ್ಟ್ ಉಳಿದಿರುತ್ತೆ. ಹಳೇ ತಿರುಗೋ ದೀಪದ ಸಲುಗೆಯಲ್ಲಿ ಅದಕ್ಕೆ ಕೈ ಹಾಕಿದರೆ ಶಾಕ್ ಗ್ಯಾರಂಟಿ.

ಎಲ್‌ಇಡಿ ಹಾಕಿಬಿಟ್ಟರೆ?

ಈಗ ಬಹಳ ಜನ ಅದನ್ನೇ ಮಾಡ್ತಿದ್ದಾರೆ. ಮೋಟಾರ್ ಇಲ್ಲ, ಬ್ರಷ್ ಇಲ್ಲ, ಕರೆಂಟ್ ಬಹಳ ಕಮ್ಮಿ. ಹಳೇ ಜನರೇಟರ್ ಇರೋ ವಿಮಾನಕ್ಕೆ ಇದು ದೊಡ್ಡ ಆರಾಮ. ರಾತ್ರಿ ಹೆಚ್ಚು ಹಾರುವವರು ಬದಲಾಯಿಸೋದೇ ಮೇಲು. ಆದರೆ ಎಫ್‌ಎಎ ಒಪ್ಪಿಗೆ ಇರೋ ದೀಪವೇ ಆಗಬೇಕು, ಆನ್‌ಲೈನಿನಲ್ಲಿ ಸಿಕ್ಕ ಆಂಬುಲೆನ್ಸ್ ದೀಪ ಅಲ್ಲ. ಹಗಲು ಹೊತ್ತಲ್ಲಿ ಭಾನುವಾರಕ್ಕೊಮ್ಮೆ ಹಾರುವವರು ಹಳೇದನ್ನೇ ತೊಳೆದು ಒರೆಸಿ ಇಟ್ಟುಕೊಂಡರೆ ತಪ್ಪೇನಿಲ್ಲ. ಅದರ ಕೆಂಪು ಸುತ್ತು ನೋಡೋಕೂ ಚೆಂದ, ಮೂಲ ಸಾಮಾನು ಅನ್ನೋ ಬೆಲೆಯೂ ಉಳಿಯುತ್ತೆ.

ಹಗಲಲ್ಲಿ ಬೀಕನ್ ಬೇಕೇ ಬೇಕಾ ಅನ್ನೋರಿಗೆ: ಹಳೇ ವಿಮಾನಕ್ಕೆ ಮೊದಲಿಂದ ಇಲ್ಲದಿದ್ದರೆ ಹಗಲು ಹಾರಬಹುದು. ಹಾಕಿಸಿಕೊಂಡ ಮೇಲೆ ಮಾತ್ರ ಹಗಲೂ ರಾತ್ರಿ ಉರಿಸಲೇಬೇಕು. ಮೋಡ, ಮಂಜಿನ ಒಳಗೆ ಹೊಕ್ಕಾಗ ಆ ಕೆಂಪು ಬೆಳಕು ಸುತ್ತಲೂ ಬಡಿದು ಪೈಲಟ್ಟಿಗೇ ತಲೆ ತಿರುಗೋದುಂಟು. ಆಗ ಆರಿಸೋಕೆ ನಿಯಮವೇ ಅವಕಾಶ ಕೊಟ್ಟಿದೆ. ರಾತ್ರಿ ದಾರಿ ಮಧ್ಯೆ ಕೆಟ್ಟುಹೋದರೆ, ರಿಪೇರಿ ಸಿಗೋ ಜಾಗದವರೆಗೆ ಹಾರಿಸಿಕೊಂಡು ಹೋಗಬಹುದು. ಅಲ್ಲಿ ಸರಿ ಮಾಡಿಸದೆ ರಾತ್ರಿ ಮುಂದಕ್ಕೆ ಏಳುವ ಹಾಗಿಲ್ಲ.