ಶಿಶುಸಂರಕ್ಷಣೆಯೂ ಮನೆಭೇಟಿಯೂ

ಆಸ್ಪತ್ರೆಯಲ್ಲಿ ಹೆರಿಗೆಯಾಯಿತೆಂದರೆ ಅಪಾಯವೆಲ್ಲ ಕಳೆಯಿತೆಂದು ನಮ್ಮ ಪಟ್ಟಣಿಗರು ನೆಮ್ಮದಿ ತಾಳುವುದುಂಟು. ಶಿಶುವಿಗೆ ಮೊದಲ 28 ದಿನಗಳೇ ಗಂಡಾಂತರದ ಕಾಲವೆಂಬುದನ್ನೂ, ಆ ದಿನಗಳಲ್ಲಿ ಬಹುಪಾಲು ಬಾಣಂತಿಯ ಕೋಣೆಯಲ್ಲಿಯೇ ಕಳೆಯುವುವೆಂಬುದನ್ನೂ ಅವರು ಮರೆಯುತ್ತಾರೆ.

ಆ ಕೋಣೆಯೊಳಕ್ಕೆ ವೈದ್ಯಶಾಸ್ತ್ರವನ್ನು ಕೊಂಡೊಯ್ದು ತೋರಿಸಿದವರು ಮಹಾರಾಷ್ಟ್ರದ ಗಡಚಿರೋಲಿಯ ಡಾಕ್ಟರ್ ಅಭಯ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿಗಳು. 1995ರಿಂದ ಅವರು 39 ಹಳ್ಳಿಗಳಲ್ಲಿ ಆಯಾ ಊರಿನ ಹೆಂಗಸರಿಗೇ ಶಿಕ್ಷಣವಿತ್ತರು: ಉಸಿರುಕಟ್ಟಿದ ಕೂಸನ್ನು ಚೇತರಿಸುವುದು, ತೂಕ ನೋಡುವುದು, ನಂಜೇರಿದರೆ ಸೂಜಿಮದ್ದು ಕೊಡುವುದು. ಹೋಲಿಕೆಗಾಗಿ ಆರಿಸಿಕೊಂಡ ಹಳ್ಳಿಗಳೊಡನೆ ನೋಡಲಾಗಿ, ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶುಮರಣವು ಶೇಕಡಾ 62ರಷ್ಟು ತಗ್ಗಿತ್ತೆಂಬುದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಲು ಬೆಲೆಯ ಯಂತ್ರಗಳಿಂದ ಆದ ಕಾರ್ಯವಲ್ಲವಿದು.

ಭಾರತ ಸರಕಾರವು 2011ರಲ್ಲಿ ಈ ಮಾರ್ಗವನ್ನು ಹಿಡಿದು, ಆಶಾ ಕಾರ್ಯಕರ್ತೆಗೆ ಮನೆಭೇಟಿಯ ಕೆಲಸವನ್ನು ಒಪ್ಪಿಸಿತು. ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವನ್ನು ಅವಳು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ನೋಡಬೇಕು. ಮನೆಯಲ್ಲಿ ಹುಟ್ಟಿದುದಾದರೆ ಮೊದಲ ದಿನವೂ. 2018ರಲ್ಲಿ ಇದಕ್ಕೆ 3ನೆಯ ತಿಂಗಳಿನಿಂದ 15ನೆಯ ತಿಂಗಳವರೆಗಿನ ಐದು ಭೇಟಿಗಳು ಸೇರಿದುವು. ಅವಳು ಕೈತೊಳೆದು ಕೂಸಿನ ಮೈ ತಣ್ಣಗಾಗಿದೆಯೋ ಎಂದು ಪರೀಕ್ಷಿಸತಕ್ಕದ್ದು. ಉಸಿರನ್ನು ಎಣಿಸಿ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಎದೆಹಾಲು ಸಾಲದೆಂದು ಸಕ್ಕರೆನೀರು ಕುಡಿಸುವ ಅಜ್ಜಿಯರ ಮನಸ್ಸನ್ನು ನೋಯಿಸದೆಯೇ ಆ ರೂಢಿಯನ್ನು ಬಿಡಿಸಬೇಕು. ಇದಕ್ಕೆ ಬೇಕಾದ ಜಾಣ್ಮೆಯನ್ನು ಬರೆದುಕೊಳ್ಳುವುದಕ್ಕೆ ಯಾವ ಸರಕಾರಿ ನಮೂನೆಯಲ್ಲಿಯೂ ಸ್ಥಳವಿಲ್ಲ!

ನವಜಾತ ಶಿಶುವಿನ ಈ ಭೇಟಿಗಳಿಗೆಲ್ಲ ಸೇರಿ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಆರರಿಂದ ಭಾಗಿಸಿದರೆ ಭೇಟಿಗೆ 42 ರೂಪಾಯಿಯೂ ಬಾರದು. ಸಂಬಳವನ್ನು ಕೇಳಿದರೆ ಅವಳು ಸ್ವಯಂಸೇವಕಿ; ಲೆಕ್ಕವನ್ನು ಒಪ್ಪಿಸುವಾಗ ಮಾತ್ರ ನೌಕರಳು. 2025ರ ಜನವರಿಯಲ್ಲಿ ನಮ್ಮ ನಾಡಿನ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಬೀದಿಗಿಳಿದುದು ಸುಮ್ಮನೆ ಅಲ್ಲ. ಸ್ಥಿರವಾದ ಮಾಸಿಕ ವೇತನವು ಅವರಿಗೆ ಸಲ್ಲತಕ್ಕದ್ದೆಂದೇ ನಮ್ಮ ಅಭಿಪ್ರಾಯ.

ಅಧಿಕಾರಿವರ್ಗದವರಲ್ಲಿ ನಮ್ಮದೊಂದು ಬಿನ್ನಹ. ಭರ್ತಿಯಾದ ನಮೂನೆಗಳನ್ನು ಕಚೇರಿಯಲ್ಲಿ ಎಣಿಸುವುದರ ಬದಲು, ತಿಂಗಳಿಗೊಮ್ಮೆಯಾದರೂ ಅವಳೊಡನೆ ಒಂದು ಮನೆಗೆ ಹೋಗಿ, ಜಗುಲಿಯ ಮೇಲೆ ಕುಳಿತು, ಅವಳ ಚೀಲದಲ್ಲಿರುವ ತಕ್ಕಡಿ ಸರಿಯಾಗಿ ತೂಗುವುದೇ, ಉಷ್ಣಮಾಪಕವು ಒಡೆದಿದ್ದರೆ ಮತ್ತೊಂದು ಎಂದು ಬರುವುದು ಎಂಬುದನ್ನು ವಿಚಾರಿಸಲಿ.