ಪುಟ ಓದಿ ಹೇಳುವ ತಂತ್ರಾಂಶ

ದೃಷ್ಟಿದೋಷವುಳ್ಳ ಮಕ್ಕಳೂ ಉಳಿದವರ ಜೊತೆ ಒಂದೇ ತರಗತಿಯಲ್ಲಿ ಕಲಿಯಬೇಕೆಂಬುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಆಶಯ. ತೊಡಕು ಪುಸ್ತಕದ್ದು: ಅಂಗಡಿಯಲ್ಲಿ ಸಿಗುವ ಪುಸ್ತಕಗಳೆಲ್ಲ ಬ್ರೈಲ್‌ನಲ್ಲಿ ಸಿಗುವುದಿಲ್ಲ. ಅಕ್ಷರ ಗುರುತಿಸುವ ಕೃತಕ ಬುದ್ಧಿಮತ್ತೆ ಇಲ್ಲಿ ನೆರವಿಗೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಲಿಪಿ ಜ್ಞಾನಿ’ ಮುದ್ರಿತ ಕನ್ನಡ ಪುಟದ ಚಿತ್ರವನ್ನು ಪಠ್ಯವಾಗಿ ಬದಲಿಸುತ್ತದೆ. ಆ ಪಠ್ಯವನ್ನು ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ, ಬ್ರೈಲ್‌ಗೂ ಇಳಿಸಬಹುದು.

ಕನ್ನಡದಲ್ಲಿ ಅಕ್ಷರ ಗುರುತಿಸುವ ಕೆಲಸ ಸಲೀಸಲ್ಲ. ‘ಸ್ತ್ರೀ’ ಎಂಬಲ್ಲಿ ಸಕಾರಕ್ಕೆ ಎರಡು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಒಂದು ಜಾರಿದರೂ ಪದ ಕೆಟ್ಟಿತು. ಗಣಿತದ ಸೂತ್ರಗಳಲ್ಲಂತೂ ಎಡವಟ್ಟು ಹೆಚ್ಚು. ಹಾಗಾಗಿ ಶಿಕ್ಷಕರು ತಿದ್ದಿದ ಪಠ್ಯವನ್ನೇ ಮಗುವಿಗೆ ಕೊಡಬೇಕು. ಭೂಪಟಕ್ಕೆ ಮಾತ್ರ ಈಗಲೂ ಬೆರಳಿಗೆ ತಾಕುವ ಉಬ್ಬುಗೆರೆಯ ಹಾಳೆಯೇ ಸರಿ.