ಮೀಸಲು ಪಟ್ಟಿಯ ಪೈಲಟ್

ಪ್ಲೇಸ್‌ಮೆಂಟ್ ಶುರುವಾದರೆ ಮಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎರಡು ಪಟ್ಟಿಗಳದ್ದೇ ಮಾತು. ಒಂದು ಆಯ್ಕೆಯಾದವರದ್ದು, ಇನ್ನೊಂದು ವೇಯ್ಟಿಂಗ್ ಲಿಸ್ಟ್. ಎರಡನೆಯದರಲ್ಲಿ ಹೆಸರಿದ್ದವರಿಗೆ ಯಾರೂ ಅಭಿನಂದನೆ ಹೇಳುವುದಿಲ್ಲ. ಬಿಇ ಓದುತ್ತಿರುವ ನನಗೂ ಆ ಪಟ್ಟಿಯೆಂದರೆ ಭಯವೇ. ಆದರೆ ನಮ್ಮ ಪಕ್ಕದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ ಅವರ ಬಗ್ಗೆ ಓದಿದ ಮೇಲೆ ಆ ಭಯ ಸ್ವಲ್ಪ ಕಡಿಮೆಯಾಗಿದೆ.

ದೇವಯ್ಯ ಇದ್ದದ್ದು ವಾಯುಪಡೆಯ 'ಟೈಗರ್ಸ್' ಎಂಬ ನಂಬರ್ 1 ಸ್ಕ್ವಾಡ್ರನ್‌ನಲ್ಲಿ. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಕೇವಲ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಹುಟ್ಟಿದ ಪಡೆಯಿದು. ಎರಡನೇ ಮಹಾಯುದ್ಧದಲ್ಲಿ ಇಂಫಾಲದ ಕದನಕ್ಕೆ ಇದನ್ನು ಮುನ್ನಡೆಸಿದ್ದವರು ಅರ್ಜನ್ ಸಿಂಗ್. 1965ರ ಯುದ್ಧದ ಹೊತ್ತಿಗೆ ಅವರೇ ವಾಯುಪಡೆಯ ಮುಖ್ಯಸ್ಥರು.

1965ರ ಸೆಪ್ಟೆಂಬರ್ 7ರ ಮುಂಜಾನೆ ಪಂಜಾಬಿನ ಆದಂಪುರದಿಂದ ಟೈಗರ್ಸ್‌ನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯತ್ತ ಹೊರಟವು. ದೇವಯ್ಯ ಮೀಸಲು ಪೈಲಟ್. ಯಾರಾದರೂ ಹಿಂದುಳಿದರೆ ಮಾತ್ರ ಅವರಿಗೆ ಅವಕಾಶ. ಅವಕಾಶ ಬಂತು, ಹೊರಟೇಬಿಟ್ಟರು.

ದಾಳಿಯ ಬಳಿಕ ಎದುರಾದದ್ದು ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗ ಅದರದ್ದು. ಮಿಸ್ಟೇರ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಜೊತೆಗೆ ಇಂಧನವೂ ಹೋಗಿಬರುವುದಕ್ಕೆ ಹೆಚ್ಚುಕಡಿಮೆ ಸರಿಹೊಂದುವಷ್ಟೇ. ಕಾದಾಡಲು ನಿಂತರೆ ಮನೆಗೆ ಮರಳುವುದು ಕಷ್ಟ. ತಮ್ಮ ವಿಮಾನಕ್ಕೆ ಏಟು ಬಿದ್ದ ಮೇಲೂ ದೇವಯ್ಯ ತಿರುಗಿ ಹೋರಾಡಿ ಸ್ಟಾರ್‌ಫೈಟರನ್ನು ಉರುಳಿಸಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿದರು. ದೇವಯ್ಯ ಹಿಂದಿರುಗಲಿಲ್ಲ.

ನಮ್ಮವರು ಯಾರೂ ಆ ಕಾಳಗವನ್ನು ನೋಡಿರಲಿಲ್ಲ. ಹೀಗಾಗಿ ದೇವಯ್ಯ ಅವರ ಹೆಸರು ಸೇರಿದ್ದು ಕಾಣೆಯಾದವರ ಪಟ್ಟಿಗೆ. 14 ವರ್ಷಗಳ ನಂತರ, 1979ರಲ್ಲಿ, ಬ್ರಿಟನ್ನಿನ ಜಾನ್ ಫ್ರಿಕರ್ ಈ ಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ ಮಿಸ್ಟೇರ್ ಒಂದು ಸ್ಟಾರ್‌ಫೈಟರನ್ನು ಕೆಡವಿದ ವಿವರ ಹೊರಬಂತು. ಅಂದು ಸ್ಕ್ವಾಡ್ರನ್ ಮುಖ್ಯಸ್ಥರಾಗಿದ್ದ ಒ.ಪಿ. ತನೇಜಾ ತಮ್ಮ ಸಹೋದ್ಯೋಗಿಗೆ ಸಲ್ಲಬೇಕಾದ ಗೌರವಕ್ಕಾಗಿ ಪ್ರಯತ್ನ ನಡೆಸಿದರು. 1988ರಲ್ಲಿ ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಅಂದರೆ 23 ವರ್ಷ ತಡವಾಗಿ. ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. 2025ರ ಹಿಂದಿ ಸಿನಿಮಾ 'ಸ್ಕೈ ಫೋರ್ಸ್'ಗೂ ಈ ಘಟನೆಯೇ ಪ್ರೇರಣೆ.

ನಮಗೆ ಇಂಟರ್ನ್‌ಶಿಪ್ ಮುಗಿದ ದಿನವೇ ಸರ್ಟಿಫಿಕೇಟ್ ಬೇಕು, ಸಂಜೆಯೊಳಗೆ ಅದು ಲಿಂಕ್ಡ್‌ಇನ್‌ನಲ್ಲಿರಬೇಕು. ತಪ್ಪೇನಲ್ಲ, ಕೆಲಸ ಹುಡುಕುವವರಿಗೆ ಅದು ಅಗತ್ಯ. ಆದರೆ ಯಾರೂ ನೋಡದಿದ್ದಾಗ ಮಾಡಿದ ಕೆಲಸವೂ ಕೆಲಸವೇ. ಅದನ್ನು ಮರೆಯದೆ ಹೇಳುವ ಒಬ್ಬ ಸಹೋದ್ಯೋಗಿಯೂ ಬೇಕು. ತಂಡದ ಪ್ರಾಜೆಕ್ಟಿನಲ್ಲಿ ಹಿಂದೆ ನಿಂತು ದುಡಿದ ಗೆಳೆಯನ ಹೆಸರನ್ನು ವೇದಿಕೆಯಲ್ಲಿ ಹೇಳುವುದು ನಮ್ಮ ಕೈಯಲ್ಲೇ ಇದೆ ಅಲ್ಲವೇ?

ಈ ಬಾರಿ ನಿಮ್ಮ ಹೆಸರು ವೇಯ್ಟಿಂಗ್ ಲಿಸ್ಟ್‌ನಲ್ಲಿದ್ದರೆ ಬೇಸರ ಮಾಡಿಕೊಳ್ಳಿ, ಪರವಾಗಿಲ್ಲ. ತಯಾರಿ ಮಾತ್ರ ಬಿಡಬೇಡಿ.